ಸೀಮಿತ ಖರ್ಚಿನಲ್ಲಿ ಸೂಪರ್‌ಚಾರ್ಜರ್ ಎಂಜಿನ್ನಿನ ಓವರ್‌ಹಾಲ್: ಒಂದೂವರೆ ಲಕ್ಷದಲ್ಲಿ ಸಾಧ್ಯವೇ?

ಕ್ಯಾತ್ಸಂದ್ರದ ಸವಾರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2005ರ ಮರ್ಸಿಡಿಸ್ ಸಿ 200 ಕಾಂಪ್ರೆಸರ್ ಇದೆ. ನಾನು ಅದರ ಮೂರನೆಯ ಮಾಲೀಕ. ಎರಡು ಲಕ್ಷ ನಲವತ್ತು ಸಾವಿರ ಕೊಟ್ಟು ಬೆಂಗಳೂರಿನಿಂದ ತಂದ ದಿನ ನಮ್ಮ ತಾಯಿಯವರು "ಈ ಹಣಕ್ಕೆ ಎರಡು ಜೊತೆ ಸೀಮೆಹಸು ಬರುತ್ತಿದ್ದವು" ಎಂದಿದ್ದರು. ಈಗ ಆ ಮಾತನ್ನು ದಿನಕ್ಕೆ ಎರಡು ಬಾರಿ ಕೇಳುತ್ತಿದ್ದೇನೆ.

ಎಂಜಿನ್ ಎಂ271 ಎಂಬ ಮಾದರಿಯದು: 1796 ಸಿಸಿ, ನಾಲ್ಕು ಸಿಲಿಂಡರ್, ಬೆಲ್ಟಿನಿಂದ ತಿರುಗುವ ಈಟನ್ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಯಂತ್ರ), 163 ಅಶ್ವಶಕ್ತಿ. ಗಾಡಿ 1,42,000 ಕಿಲೋಮೀಟರ್ ಓಡಿದೆ. ಕಳೆದ ಏಪ್ರಿಲ್‌ನಲ್ಲಿ ಐದು ಜನರನ್ನು ಕೂರಿಸಿಕೊಂಡು, ಎ.ಸಿ. ಹಾಕಿಕೊಂಡು ದೇವರಾಯನದುರ್ಗದ ಏರು ಹತ್ತುತ್ತಿದ್ದಾಗ ಎಂಜಿನ್ನಿನಿಂದ ಬಾಣಲೆಯಲ್ಲಿ ಕಡಲೆ ಹುರಿದಂತಹ ಸದ್ದು ಕೇಳಿಸಿತು. ನಾನು ಅದನ್ನು ಲೆಕ್ಕಿಸದೆ ಹತ್ತಿಸಿಬಿಟ್ಟೆ. ಒಂದು ವಾರದಲ್ಲಿ ನೀಲಿ ಹೊಗೆ ಕಾಣಿಸಿಕೊಂಡಿತು. ಸಾವಿರ ಕಿಲೋಮೀಟರಿಗೆ ಒಂದೂವರೆ ಲೀಟರ್ ಎಂಜಿನ್ ಆಯಿಲ್ ಕುಡಿಯತೊಡಗಿತು. ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಅದುಮಿದಾಗ ಏರುವ ಒತ್ತಡ) ನೋಡಿಸಿದಾಗ ಒಂದರಿಂದ ನಾಲ್ಕನೆಯ ಸಿಲಿಂಡರಿನವರೆಗೆ ಕ್ರಮವಾಗಿ 11.5, 11.2, 7 ಮತ್ತು 11.4 ಬಾರ್ ಬಂದಿತು. ಒಂದು ಗ್ಯಾರೇಜಿನವರು ನಾಲ್ಕೂವರೆ ಲಕ್ಷ ಎಂದರು; ಅಷ್ಟು ಹಣ ನನ್ನಲ್ಲಿ ಇಲ್ಲ.

ನನ್ನ ಬಳಿ ಇರುವುದು ಒಂದೂವರೆ ಲಕ್ಷ, ಮನೆಯ ಹಿಂದಿನ ತಗಡಿನ ಶೆಡ್ಡು, ಡಿಪ್ಲೊಮಾ ಓದಿದ ಒಬ್ಬ ಸೋದರಮಾವನ ಮಗ ಮತ್ತು ಭಾನುವಾರಗಳು. ಗುಜರಿಯಿಂದ ಹಾಫ್ ಎಂಜಿನ್ (ಹೊರಗಿನ ಜೋಡಣೆಗಳಿಲ್ಲದ ಬರಿಯ ಎಂಜಿನ್) ತರುವುದೋ, ಇದನ್ನೇ ಬಿಚ್ಚಿ ಕಟ್ಟುವುದೋ? ಕಟ್ಟುವುದಾದರೆ, ಹೇಗಿದ್ದರೂ ಬಿಚ್ಚಿರುತ್ತೇವೆ ಎಂದು ಸೂಪರ್‌ಚಾರ್ಜರಿಗೆ ಸಣ್ಣ ಪುಲ್ಲಿಯನ್ನೂ (ಬೆಲ್ಟಿನ ಚಕ್ರ; ಚಿಕ್ಕದಾದಷ್ಟೂ ವೇಗವಾಗಿ ತಿರುಗುತ್ತದೆ) ಹಾಕಿಸಿ ಶಕ್ತಿ ಹೆಚ್ಚಿಸಿಕೊಳ್ಳಬಹುದೇ?

ಹೆದ್ದಾರಿ 75

ಮಾರಿಬಿಡಿ. ಹಸು ಈಗಲೂ ಸಿಗುತ್ತದೆ.

ಬಟವಾಡಿ ಲೇತ್

ಮಾರುವ ಮಾತು ಆಮೇಲೆ ಆಡೋಣ. ಮೂರನೆಯ ಸಿಲಿಂಡರಿನಲ್ಲಿ 7 ಬಾರ್ ಎಂದರೆ ಗಾಳಿ ಎಲ್ಲಿಯೋ ಸೋರುತ್ತಿದೆ ಎಂದಷ್ಟೇ ತಿಳಿಯುತ್ತದೆ. ಎಲ್ಲಿ ಎಂಬುದು ತಿಳಿಯುವುದಿಲ್ಲ. ಆ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು (ಪಿಸ್ಟನ್ನಿನ ಸುತ್ತಲಿನ ಬಳೆ) ಅಥವಾ ಬೋರ್ (ಸಿಲಿಂಡರಿನ ಒಳಗೋಡೆ), ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್. ಅನಂತರ ಲೀಕ್‌ಡೌನ್ ಪರೀಕ್ಷೆ ಮಾಡಿಸಿ: ಪಿಸ್ಟನ್ನನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ, ಕಂಪ್ರೆಸರಿನ ಗಾಳಿ ಬಿಟ್ಟು ಕಿವಿಗೊಟ್ಟು ಕೇಳಿ. ಸೈಲೆನ್ಸರಿನಲ್ಲಿ ಬುಸ್ಸೆಂದರೆ ಎಕ್ಸಾಸ್ಟ್ ವಾಲ್ವು, ಆಯಿಲ್ ಹಾಕುವ ಬಾಯಿಯಲ್ಲಿ ಬುಸ್ಸೆಂದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಇಷ್ಟಕ್ಕೆ ಐನೂರು ರೂಪಾಯಿಗಿಂತ ಹೆಚ್ಚು ಖರ್ಚಾಗುವುದಿಲ್ಲ.

ಇನ್ನೊಂದು ವಿಷಯ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡವೇ ಶೇಕಡಾ 9ರಷ್ಟು ಕಡಿಮೆ. ಆದ್ದರಿಂದ ಪುಸ್ತಕದಲ್ಲಿರುವ ಅಂಕಿಗಿಂತ ಎಲ್ಲ ಸಿಲಿಂಡರುಗಳೂ ಸ್ವಲ್ಪ ಕಡಿಮೆ ತೋರಿಸಿದರೆ ಗಾಬರಿಪಡಬೇಡಿ. ಒಂದಕ್ಕೊಂದು ಎಷ್ಟು ವ್ಯತ್ಯಾಸವಿದೆ ಎಂಬುದು ಮುಖ್ಯ.

ಜೆ.ಸಿ. ರಸ್ತೆಯ ಅಲೆಮಾರಿ

ಇಷ್ಟೆಲ್ಲ ಕಿವಿಗೊಡುವ ಬದಲು ಅಪಘಾತವಾದ ಗಾಡಿಯ ಹಾಫ್ ಎಂಜಿನ್ ತನ್ನಿ. ಈ ಮಾದರಿಯ ಗಾಡಿಗಳು ಈಗ ಗುಜರಿಗೆ ಸಾಕಷ್ಟು ಬರುತ್ತಿವೆ. ಎಪ್ಪತ್ತು, ಎಂಬತ್ತು ಸಾವಿರಕ್ಕೆ ಮಾತು ಮುಗಿಯುತ್ತದೆ, ಎರಡು ಭಾನುವಾರದಲ್ಲಿ ಗಾಡಿ ರಸ್ತೆಗೆ ಇಳಿಯುತ್ತದೆ. ಬಿಚ್ಚಿ ಕಟ್ಟಲು ಹೋದವರ ಗಾಡಿಗಳು ಶೆಡ್ಡಿನಲ್ಲಿ ಕೋಳಿಗೂಡಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಿರಾ ಗೇಟ್

ಅಲೆಮಾರಿಯವರೇ, ನಿಮ್ಮ ಮಾತನ್ನು ನಂಬಿ ನಡೆದವನು ನಾನು. ಬೇರೆ ಗಾಡಿಗಾಗಿ ಒಂದು ಹಾಫ್ ಎಂಜಿನ್ ತಂದಿದ್ದೆ. "ಅರವತ್ತು ಸಾವಿರ ಕಿಲೋಮೀಟರ್ ಅಷ್ಟೇ ಓಡಿದೆ" ಎಂದು ಅಂಗಡಿಯವರು ಪ್ರಮಾಣ ಮಾಡಿದ್ದರು. ಸಂಪ್ (ಎಂಜಿನ್ನಿನ ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿದಾಗ ತಳದಲ್ಲಿ ರಾಗಿಮುದ್ದೆಯಷ್ಟು ಗಟ್ಟಿಯಾದ ಕಪ್ಪು ಕೆಸರು ಇತ್ತು. ಅದನ್ನು ಕೂರಿಸಿದ್ದರೆ ಸತ್ತ ಎಂಜಿನ್ ತೆಗೆದು ಸಾಯುತ್ತಿರುವ ಎಂಜಿನ್ ಹಾಕಿದಂತಾಗುತ್ತಿತ್ತು. ಇದಲ್ಲದೆ ಎಂಜಿನ್ ಸಂಖ್ಯೆ ಬದಲಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ವಿಷಯ ಅದು. ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಕೊಳ್ಳದಿದ್ದರೆ ವಿಮೆಯವರು ನಾಳೆ ಕೈ ಎತ್ತುತ್ತಾರೆ. 2005ರ ಗಾಡಿ ಎಂದರೆ ಹದಿನೈದು ವರ್ಷ ದಾಟಿ ಮರುನೋಂದಣಿ ಮಾಡಿಸಿಕೊಂಡಿರುವ ಗಾಡಿ. ಅದರ ಕಾಗದಗಳನ್ನು ಕೆದಕದಿರುವುದೇ ಕ್ಷೇಮ.

ಜೆ.ಸಿ. ರಸ್ತೆಯ ಅಲೆಮಾರಿ

ಕೊಳ್ಳುವ ಮೊದಲು ಸಂಪ್ ಬಿಚ್ಚಿಸಿ ನೋಡಬೇಕಿತ್ತು. ನೋಡದೆ ತಂದದ್ದು ಎಂಜಿನ್ನಿನ ತಪ್ಪಲ್ಲ.

ಶಿರಾ ಗೇಟ್

ಬಿಚ್ಚಲು ಬಿಡುತ್ತಾರೆಯೇ ಸ್ವಾಮಿ? ಕೈಯಲ್ಲಿ ಸ್ಪ್ಯಾನರ್ ಕಂಡರೆ ಅಂಗಡಿಯಿಂದಲೇ ಎಬ್ಬಿಸುತ್ತಾರೆ.

ಕ್ಯಾತ್ಸಂದ್ರದ ಸವಾರ

ಬಟವಾಡಿಯವರು ಹೇಳಿದಂತೆ ಮಾಡಿದೆ. ಒಂದು ಚಮಚ ಎಣ್ಣೆ ಬಿಟ್ಟಾಗ ಮೂರನೆಯ ಸಿಲಿಂಡರ್ 7ರಿಂದ 10ಕ್ಕೆ ಏರಿತು. ಲೀಕ್‌ಡೌನಿನಲ್ಲಿ ಉಳಿದ ಮೂರು ಶೇಕಡಾ 10ರಿಂದ 12ರವರೆಗೆ ಸೋರುತ್ತಿವೆ, ಮೂರನೆಯದು ಶೇಕಡಾ 38. ಬುಸ್ಸೆನ್ನುವ ಸದ್ದು ಆಯಿಲ್ ಹಾಕುವ ಬಾಯಿಯಿಂದಲೇ ಬರುತ್ತಿದೆ; ವಾಲ್ವುಗಳು ಚೆನ್ನಾಗಿವೆ ಎಂದು ಕಾಣುತ್ತದೆ. ಸ್ಕ್ಯಾನರಿನಲ್ಲಿ ಹಳೆಯ ಕೋಡ್ ಒಂದಿತ್ತು: ಪಿ0171, ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಎಂಬ ಅರ್ಥದ್ದು. ಇದೇ ಎಂಜಿನ್ನನ್ನು ಕಟ್ಟುವುದೆಂದು ತೀರ್ಮಾನಿಸಿದ್ದೇನೆ.

ಗೌರಿಬಿದನೂರಿನ ಟ್ರ್ಯಾಕ್ಟರ್

ಹಾಗಾದರೆ ಕೆಲಸ ಸುಲಭವಾಯಿತು. ಲೈನರ್ ಹೊಡೆದು ತೆಗೆದು, ಹೊಸ ಲೈನರ್ ಪಿಸ್ಟನ್ ಸೆಟ್ಟು ಕೂರಿಸಿ. ನಮ್ಮಲ್ಲಿ ಟ್ರ್ಯಾಕ್ಟರುಗಳಿಗೆ ಬೆಳಿಗ್ಗೆ ಶುರು ಮಾಡಿ ಸಂಜೆಯೊಳಗೆ ಮುಗಿಸುತ್ತೇವೆ. ಹೊಲದಲ್ಲಿ, ಹೊಂಗೆ ಮರದ ನೆರಳಿನಲ್ಲಿ ಮಾಡಿದ್ದೂ ಉಂಟು.

ಬಟವಾಡಿ ಲೇತ್

ದಯವಿಟ್ಟು ಯಾರೂ ಸುತ್ತಿಗೆ ಎತ್ತಬೇಡಿ. ಟ್ರ್ಯಾಕ್ಟರಿನಲ್ಲಿ ಲೈನರ್ ಬೇರೆಯೇ ಕೊಳವೆ. ಅದರ ಸುತ್ತ ನೀರು ಹರಿಯುತ್ತದೆ, ಸವೆದರೆ ಎಳೆದು ತೆಗೆಯಬಹುದು. ಈ ಎಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂ, ಬೀಡು ಕಬ್ಬಿಣದ ಲೈನರುಗಳು ಎರಕದ ಸಮಯದಲ್ಲಿಯೇ ಅದರೊಳಗೆ ಸೇರಿಹೋಗಿವೆ. ಹೊಡೆದರೆ ಬರುವುದು ಲೈನರ್ ಅಲ್ಲ, ಬ್ಲಾಕು.

ಗೌರಿಬಿದನೂರಿನ ಟ್ರ್ಯಾಕ್ಟರ್

ಒಪ್ಪಿದೆ. ಕಾರಿನವರು ಎಲ್ಲವನ್ನೂ ಕಷ್ಟ ಮಾಡಿಟ್ಟಿದ್ದಾರೆ.

ಹೆದ್ದಾರಿ 48

ಪುಲ್ಲಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬಟವಾಡಿಯವರೇ ಹೇಳಿದಂತೆ ನಮ್ಮ ಎತ್ತರದಲ್ಲಿ ಗಾಳಿ ಶೇಕಡಾ 9ರಷ್ಟು ಕಡಿಮೆ ಇರುವುದಾದರೆ, ಸೂಪರ್‌ಚಾರ್ಜರಿನ ಪುಲ್ಲಿಯನ್ನು ಶೇಕಡಾ 10ರಷ್ಟು ಚಿಕ್ಕದು ಮಾಡಿದಾಗ ನಾವು ಮಂಗಳೂರಿನವರಿಗೆ ಸಿಗುವ ಗಾಳಿಯನ್ನು ಮರಳಿ ಪಡೆದಂತಾಗುತ್ತದೆಯೇ ಹೊರತು ಅತಿಯಾಸೆಯೇನೂ ಅಲ್ಲ. ಪುಲ್ಲಿಯ ಬೆಲೆ ಕೆಲವೇ ಸಾವಿರ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಶಕ್ತಿ ಬೇರೆ ಯಾವುದರಿಂದಲೂ ಬರುವುದಿಲ್ಲ.

ಪಂಪ್‌ಸೆಟ್ ಎಂಜಿನಿಯರ್, ಚಿಂತಾಮಣಿ

ವಾದ ಚೆನ್ನಾಗಿದೆ, ಅರ್ಧ ನಿಜವೂ ಹೌದು. ಆದರೆ ಲೆಕ್ಕವನ್ನು ಪೂರ್ತಿ ಮಾಡೋಣ.

ಈ ಸೂಪರ್‌ಚಾರ್ಜರ್ ರೂಟ್ಸ್ ಜಾತಿಯದು. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಮೊಮ್ಮಗ ಎನ್ನಬಹುದು. ಈಟನ್ ಎಂ45 ಎಂಬ ಹೆಸರಿನಲ್ಲಿರುವ 45 ಎಂದರೆ ಒಂದು ಸುತ್ತಿಗೆ 45 ಘನ ಇಂಚು, ಅಂದರೆ ಸುಮಾರು 737 ಸಿಸಿ ಗಾಳಿಯನ್ನು ಸಾಗಿಸುತ್ತದೆ ಎಂದರ್ಥ. ಎಂಜಿನ್ನಿನ ಒಂದು ಸುತ್ತಿಗೆ ಅದು ಎರಡು ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ ಎರಡು ಸುತ್ತಿಗೆ ಒಮ್ಮೆ 1796 ಸಿಸಿ ಗಾಳಿ ನುಂಗುತ್ತದೆ. ಅಷ್ಟರಲ್ಲಿ ಸೂಪರ್‌ಚಾರ್ಜರ್ ನಾಲ್ಕು ಸುತ್ತು ತಿರುಗಿ 2948 ಸಿಸಿ ತಳ್ಳಿರುತ್ತದೆ. ಕಾಗದದ ಮೇಲೆ ಇದು 1.64 ಪಟ್ಟು. ನಿಜದಲ್ಲಿ ರೋಟರುಗಳ ಸಂದಿಯಿಂದ ಗಾಳಿ ಹಿಂದಕ್ಕೆ ಸೋರುತ್ತದೆ, ಆದ್ದರಿಂದ ಅಷ್ಟು ಸಿಗುವುದಿಲ್ಲ.

ರೂಟ್ಸ್ ಯಂತ್ರ ತನ್ನ ಹೊಟ್ಟೆಯೊಳಗೆ ಗಾಳಿಯನ್ನು ಅದುಮುವುದಿಲ್ಲ. ಒಂದು ಕಡೆಯಿಂದ ಬೊಗಸೆಯಲ್ಲಿ ಎತ್ತಿ ಇನ್ನೊಂದು ಕಡೆ ಸುರಿಯುತ್ತದೆ, ಅಷ್ಟೆ. ಆಗಲೇ ತುಂಬಿರುವ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಮತ್ತೆ ಮತ್ತೆ ಸುರಿಯುವಾಗ ಗಾಳಿ ವಿಪರೀತ ಬಿಸಿಯಾಗುತ್ತದೆ, ವೇಗ ಹೆಚ್ಚಿದಷ್ಟೂ ಇನ್ನೂ ಹೆಚ್ಚು. ಹೀಗಾಗಿ ಪುಲ್ಲಿ ಚಿಕ್ಕದಾದರೆ ಒತ್ತಡದ ಜೊತೆಗೆ ಬಿಸಿಯೂ ಬರುತ್ತದೆ. ಬಿಸಿ ಗಾಳಿಯಿಂದಲೇ ನಮ್ಮ ಮಿತ್ರರು ಕೇಳಿದ ಕಡಲೆ ಹುರಿಯುವ ಸದ್ದು ಹುಟ್ಟುತ್ತದೆ. ಒಮ್ಮೆ ಅದೇ ಸದ್ದಿನಿಂದ ಕೆಟ್ಟ ಎಂಜಿನ್ನಿಗೆ, ಅದೇ ಸದ್ದನ್ನು ಹೆಚ್ಚಿಸುವ ಪುಲ್ಲಿ ಏಕೆ? ಕೆಟ್ಟದ್ದು ಯಾವ ಕಾರಣದಿಂದ ಎಂದು ತಿಳಿಯುವವರೆಗೆ ಪುಲ್ಲಿಯ ಹೆಸರೆತ್ತಬೇಡಿ.

ಹೆದ್ದಾರಿ 48

ಅದೇ ಎತ್ತರದಲ್ಲಿ ಸಿಲಿಂಡರಿನೊಳಗಿನ ಒತ್ತಡವೂ ಕಡಿಮೆ, ಆದ್ದರಿಂದ ನಾಕಿಂಗ್ (ನೀವು ಹೇಳಿದ ಆ ಕಡಲೆ ಹುರಿಯುವ ಸದ್ದು) ಕೂಡ ಕಡಿಮೆ ಎಂಬುದನ್ನು ನೀವು ಬಿಟ್ಟುಬಿಟ್ಟಿರಿ.

ಪಂಪ್‌ಸೆಟ್ ಎಂಜಿನಿಯರ್, ಚಿಂತಾಮಣಿ

ಬಿಟ್ಟದ್ದು ನಿಜ, ಒಪ್ಪುತ್ತೇನೆ. ಆದರೂ ಏಪ್ರಿಲ್ ಬಿಸಿಲಿನ ಗಾಳಿಯನ್ನು ನೀವೂ ಬಿಟ್ಟಿರಿ.

ಕೆಜಿಎಫ್ ಹಿರಿಯ

ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ನಾನು. ಮೈಕ್ರೋಮೀಟರ್ ಹಿಡಿಯುವುದನ್ನು ಗಣಿಯ ವರ್ಕ್‌ಶಾಪಿನಲ್ಲಿದ್ದ ನಮ್ಮ ತಂದೆಯವರಿಂದ ಕಲಿತೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಈ ಊರಿನಲ್ಲಿ ಕೈಕಸುಬಿನವರು ಬಹಳ ಜನ ಉಳಿದರು, ಕೆಲಸ ಮಾತ್ರ ಬೆಂಗಳೂರಿನ ರೈಲು ಹತ್ತಿತು. ಆ ವಿಷಯ ಇರಲಿ.

ಸವಾರರೇ, ನಿಮ್ಮ ಒಂದೂವರೆ ಲಕ್ಷದಲ್ಲಿ ಮೊದಲ ಮೂರು ಸಾವಿರವನ್ನು ಅಳತೆಗೆ ಇಡಿ. ಬಿಡಿಭಾಗಗಳನ್ನು ಮೊದಲೇ ತರಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಪ್ರತಿ ಬೋರನ್ನೂ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರದಲ್ಲಿ, ಉದ್ದಕ್ಕೆ ಮತ್ತು ಅಡ್ಡಕ್ಕೆ ಎರಡೆರಡು ಸಲ ಡಯಲ್ ಬೋರ್ ಗೇಜಿನಿಂದ ಅಳೆಯಿರಿ. ನಾಲ್ಕು ಸಿಲಿಂಡರಿಗೆ ಇಪ್ಪತ್ತನಾಲ್ಕು ಅಂಕಿಗಳಾಗುತ್ತವೆ. ಅವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಬೇಡ, ಗ್ರೀಸಿನ ಕೈಯಲ್ಲಿ ಅದು ತೆರೆಯುವುದಿಲ್ಲ. ಈ ಎಂಜಿನ್ನಿನ ಬೋರ್ 82 ಮಿ.ಮೀ. ಅಂಡಾಕಾರವೂ ಇಳಿಜಾರೂ (ಮೇಲಿಗೂ ಕೆಳಗಿಗೂ ಇರುವ ವ್ಯತ್ಯಾಸ) ಮಿಲಿಮೀಟರಿನ ಎರಡು ಮೂರು ನೂರಂಶದೊಳಗೆ ಇದ್ದರೆ ಹೋನಿಂಗ್ (ಸಾಣೆಕಲ್ಲಿನಿಂದ ಗೋಡೆಯನ್ನು ಉಜ್ಜುವುದು) ಸಾಕು, ದೊಡ್ಡ ಸೈಜಿಗೆ ಬೋರ್ ಹಾಕಿಸುವ ಖರ್ಚು ಉಳಿಯಿತು. ಐದು ದಾಟಿದ್ದರೆ ನಿಮ್ಮ ಬಜೆಟ್ಟನ್ನು ಮತ್ತೆ ಯೋಚಿಸಬೇಕು.

ಹೊಸ ರಿಂಗುಗಳನ್ನು ಪೊಟ್ಟಣದಿಂದ ತೆಗೆದು ನೇರವಾಗಿ ಪಿಸ್ಟನ್ನಿಗೆ ಹಾಕಬೇಡಿ. ಒಂದೊಂದನ್ನೂ ಅದರದೇ ಬೋರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ಒಂದು ಅಂಗುಲ ಕೆಳಕ್ಕೆ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ತಯಾರಕರ ಕೈಪಿಡಿಯ ಅಂಕಿ ಸಿಕ್ಕರೆ ಅದೇ ಪ್ರಮಾಣ. ಸಿಗದಿದ್ದರೆ ಹಳಬರ ಲೆಕ್ಕ ಇದು: ಸಾಮಾನ್ಯ ಎಂಜಿನ್ನಿಗೆ ಬೋರಿನ ಪ್ರತಿ ಮಿಲಿಮೀಟರಿಗೆ 0.004 ಮಿ.ಮೀ., ಸೂಪರ್‌ಚಾರ್ಜರ್ ಇದ್ದರೆ 0.0045ರಿಂದ 0.005. ನಿಮ್ಮದಕ್ಕೆ ಮೇಲಿನ ರಿಂಗಿಗೆ 0.37ರಿಂದ 0.41ರವರೆಗೆ ಆಯಿತು. ಸಂದು ಹೆಚ್ಚಾದರೆ ಸ್ವಲ್ಪ ಗಾಳಿ ಸೋರುತ್ತದೆ, ಅದರಿಂದ ಯಾರೂ ಸಾಯುವುದಿಲ್ಲ. ಕಡಿಮೆಯಾದರೆ ಬಿಸಿಗೆ ರಿಂಗು ಹಿಗ್ಗಿ, ತುದಿಗೆ ತುದಿ ತಾಗಿ, ಪಿಸ್ಟನ್ನಿನ ಅಂಚನ್ನೇ ಮುರಿದು ಹಾಕುತ್ತದೆ.

ಹೋನಿಂಗ್ ಆದ ಮೇಲೆ ಬ್ಲಾಕನ್ನು ಡೀಸೆಲಿನಲ್ಲಿ ತೊಳೆಯುವ ಅಭ್ಯಾಸ ನಮ್ಮ ಕಡೆ ಇದೆ, ಅದು ತಪ್ಪು. ಡೀಸೆಲ್ ಎಣ್ಣೆಯನ್ನು ತೆಗೆಯುತ್ತದೆ, ಕಲ್ಲಿನ ಪುಡಿಯನ್ನು ಗೀರುಗಳಲ್ಲಿಯೇ ಬಿಡುತ್ತದೆ. ಬಿಸಿನೀರು, ಬಟ್ಟೆ ಒಗೆಯುವ ಸೋಪಿನ ಪುಡಿ ಮತ್ತು ಬ್ರಷ್ಷು ಬೇಕು. ಹಳೆಯ ಬಿಳಿ ಪಂಚೆಯ ತುಂಡಿನಿಂದ ಒರೆಸಿದಾಗ ಬಟ್ಟೆ ಬೆಳ್ಳಗೇ ಉಳಿಯುವವರೆಗೆ ತೊಳೆಯಿರಿ, ತಕ್ಷಣ ಎಣ್ಣೆ ಸವರಿ. ಅರ್ಧ ಗಂಟೆ ಬಿಟ್ಟರೆ ಕಿಲುಬು ಕಾಣಿಸಿಕೊಳ್ಳುತ್ತದೆ.

ಹೆದ್ದಾರಿ 75

ಮಾರಿಬಿಡಿ ಎಂದ ಮಾತನ್ನು ಹಿಂದೆಗೆದುಕೊಂಡೆ. ಹಿರಿಯರ ಬರಹ ಓದಿ ನನಗೂ ಏನನ್ನಾದರೂ ಬಿಚ್ಚಬೇಕು ಎನಿಸುತ್ತಿದೆ. ಮನೆಯಲ್ಲಿ ಮಿಕ್ಸಿ ಇದೆ.

ಮಾಲೂರು ಕ್ರಾಸ್

ನೀರಿನ ಬಗ್ಗೆ ಯಾರೂ ಕೇಳಲಿಲ್ಲ. ರೇಡಿಯೇಟರಿಗೆ ಯಾವ ನೀರು ಹಾಕುತ್ತಿದ್ದಿರಿ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳಲ್ಲಿ ಕೊಳವೆಬಾವಿಯ ನೀರು ಎಷ್ಟು ಗಡಸು ಎಂಬುದನ್ನು ನಮ್ಮ ಮನೆಯ ಸ್ನಾನದ ಹಂಡೆಗಳೇ ಹೇಳುತ್ತವೆ; ತಳದಲ್ಲಿ ಬೆರಳು ದಪ್ಪದ ಸುಣ್ಣದ ಹೊಪ್ಪಳೆ ಕಟ್ಟಿರುತ್ತದೆ. ಅದೇ ಹೊಪ್ಪಳೆ ಎಂಜಿನ್ನಿನ ನೀರಿನ ದಾರಿಯಲ್ಲಿಯೂ ಕಟ್ಟುತ್ತದೆ. ಮೀಟರಿನ ಮುಳ್ಳು ನೆಟ್ಟಗೇ ನಿಂತಿರುತ್ತದೆ, ಏಕೆಂದರೆ ಅದು ನೀರಿನ ಬಿಸಿಯನ್ನು ತೋರಿಸುತ್ತದೆ, ಸುಣ್ಣದ ಹಿಂದಿರುವ ಗೋಡೆಯ ಬಿಸಿಯನ್ನಲ್ಲ. ಡಿಸ್ಟಿಲ್ಡ್ ನೀರಿಗೆ ಸರಿಯಾದ ಕೂಲೆಂಟ್ ಬೆರೆಸಿ ಹಾಕಬೇಕು. ಬ್ಯಾಟರಿ ಅಂಗಡಿಯಲ್ಲಿ ಕ್ಯಾನುಗಟ್ಟಲೆ ಸಿಗುತ್ತದೆ.

ಕ್ಯಾತ್ಸಂದ್ರದ ಸವಾರ

ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ತೋಟದ ಕೊಳವೆಬಾವಿಯ ನೀರನ್ನೇ ಹಾಕುತ್ತಿದ್ದೆ. ಹಿಂದಿನ ಮಾಲೀಕರೂ ಹಾಗೆಯೇ ಮಾಡಿರಬಹುದು.

ಪಂಪ್‌ಸೆಟ್ ಎಂಜಿನಿಯರ್, ಚಿಂತಾಮಣಿ

ಪೆಟ್ರೋಲ್ ಯಾವುದು ಎಂಬುದನ್ನೂ ಹೇಳಿಬಿಡಿ. ಪೆಟ್ರೋಲ್ ಮುಚ್ಚಳದ ಒಳಗೆ ಆಕ್ಟೇನ್ 95 ಬೇಕು ಎಂಬ ಚೀಟಿ ಇದೆಯೇ, ನೋಡಿ. ಬಿಎಸ್ 6 ಸಾಮಾನ್ಯ ಪೆಟ್ರೋಲಿಗೆ ನಿಗದಿಯಾಗಿದ್ದ ಕನಿಷ್ಠ ಆಕ್ಟೇನ್ 91. ನಾಕ್ ಸೆನ್ಸರ್ ಇಗ್ನಿಷನ್ನನ್ನು ಹಿಂದಕ್ಕೆ ಸರಿಸಿ ಕಾಪಾಡುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಈಗ ಎಥೆನಾಲ್ ಬೆರೆತ ಇ20 ಬಂದಿದೆ. ಅದರಿಂದ ನಾಕಿಂಗ್ ತಗ್ಗುತ್ತದೆ ಎಂಬುದು ಸರಿ. ಆದರೆ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕಾದರೆ ಎಥೆನಾಲಿಗೆ 9 ಪಟ್ಟು ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಹಳೆಯ ಗಾಡಿಯ ಕಂಪ್ಯೂಟರ್ ಹೊಗೆಯ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ನೋಡಿ ಹೊಂದಿಸಿಕೊಳ್ಳುತ್ತದೆ. ಆದರೆ ಗಾಳಿ ಬೇರೆಲ್ಲಿಂದಲೋ ಸೋರಿ ಒಳಗೆ ಬರುತ್ತಿದ್ದರೆ ಆ ಹೊಂದಾಣಿಕೆಯ ಶಕ್ತಿಯೆಲ್ಲ ಅಲ್ಲಿಯೇ ಮುಗಿದಿರುತ್ತದೆ. ನಿಮ್ಮ ಪಿ0171 ಕೋಡನ್ನು ನಾನು ಮರೆತಿಲ್ಲ. ಸೂಪರ್‌ಚಾರ್ಜರಿನ ಕೆಳಗಿನ ಬ್ರೀದರ್ ಪೈಪುಗಳನ್ನು (ಎಂಜಿನ್ನಿನ ಎಣ್ಣೆಯ ಆವಿ ಸಾಗಿಸುವವು) ಕೈಯಿಂದ ಹಿಚುಕಿ ನೋಡಿ.

ಕ್ಯಾತ್ಸಂದ್ರದ ಸವಾರ

ಮೂರು ಭಾನುವಾರಗಳ ನಂತರದ ವರದಿ ಇದು. ಎಂಜಿನ್ ಹೊರಗೆ ಬಂದಿದೆ, ಪೂರ್ತಿ ಬಿಚ್ಚಿದ್ದೇವೆ.

ಮೂರನೆಯ ಪಿಸ್ಟನ್ನಿನಲ್ಲಿ ಮೊದಲ ಮತ್ತು ಎರಡನೆಯ ರಿಂಗಿನ ನಡುವಿನ ಅಂಚು ಉಗುರಿನಷ್ಟು ಅಗಲಕ್ಕೆ ಮುರಿದಿದೆ. ಮೇಲಿನ ರಿಂಗು ಎರಡು ತುಂಡಾಗಿದೆ. ಪುಣ್ಯಕ್ಕೆ ತುಂಡುಗಳು ಕಾಲುವೆಯಲ್ಲಿಯೇ ಸಿಕ್ಕಿಕೊಂಡಿದ್ದವು. ಬೋರಿನಲ್ಲಿ ಉಗುರಿಗೆ ತಾಕದಷ್ಟು ತೆಳು ಗೀರುಗಳಿವೆ. ಇಪ್ಪತ್ತನಾಲ್ಕು ಅಂಕಿಗಳನ್ನೂ ಬರೆದೆ: ಅತಿ ಹೆಚ್ಚಿನ ಅಂಡಾಕಾರ 0.02, ಅತಿ ಹೆಚ್ಚಿನ ಇಳಿಜಾರು 0.025. ಬ್ರೀದರ್ ಪೈಪಿನ ಮೊಣಕೈ ಹಿಚುಕಿದಾಗ ಹಪ್ಪಳದಂತೆ ಮುರಿಯಿತು. ಮೂರನೆಯ ಸಿಲಿಂಡರಿನ ಸುತ್ತ ನೀರಿನ ದಾರಿಯಲ್ಲಿ ಸುಣ್ಣ ಕಟ್ಟಿದೆ. ಪೆಟ್ರೋಲ್ ಮುಚ್ಚಳದಲ್ಲಿ 95 ಎಂದೇ ಬರೆದಿದೆ, ನಾನು ಹಾಕುತ್ತಿದ್ದುದು ಸಾಮಾನ್ಯದ್ದು. ಅಪರಾಧಿಗಳು ಮೂವರು ಸಿಕ್ಕಿದ್ದಾರೆ, ಕೊಂದವರು ಯಾರು?

ಮಾಲೂರು ಕ್ರಾಸ್

ಸುಣ್ಣ. ಮೂರನೆಯದಕ್ಕೆ ಮಾತ್ರ ಏಟು ಬಿದ್ದಿದೆ, ಸುಣ್ಣವೂ ಅಲ್ಲಿಯೇ ಹೆಚ್ಚಿದೆ.

ಪಂಪ್‌ಸೆಟ್ ಎಂಜಿನಿಯರ್, ಚಿಂತಾಮಣಿ

ನನ್ನ ಮತ ಪೈಪಿಗೆ. ಅಲ್ಲಿಂದ ಎಣ್ಣೆಯ ಆವಿಯೂ ಲೆಕ್ಕಕ್ಕೆ ಸಿಗದ ಗಾಳಿಯೂ ಸೇರಿ ಒಳಗೆ ಹೋಗಿವೆ. ಎಣ್ಣೆಯ ಆವಿ ಬೆರೆತರೆ 95 ಹಾಕಿದರೂ ಅದು 95 ಆಗಿ ಉಳಿಯುವುದಿಲ್ಲ.

ಕೆಜಿಎಫ್ ಹಿರಿಯ

ಮೂವರನ್ನೂ ಹಿಡಿದು ಹಾಕಿ. ವಿಚಾರಣೆಗೆ ಇದು ನ್ಯಾಯಾಲಯವಲ್ಲ. ಮೂರನ್ನೂ ಸರಿಪಡಿಸುವ ಖರ್ಚು ಒಂದು ಪಿಸ್ಟನ್ನಿಗಿಂತ ಕಡಿಮೆ. ನಿಮ್ಮ ಅಳತೆಗಳಿಗೆ ಹೋನಿಂಗ್ ಸಾಕು. ಒಂದೇ ಪಿಸ್ಟನ್ ಕೊಳ್ಳುವುದಾದರೆ ಅದರ ತೂಕ ಉಳಿದ ಮೂರಕ್ಕೆ ಹೊಂದಬೇಕು. ಆರ್ಡರ್ ಮಾಡುವಾಗ 17 ಅಕ್ಷರಗಳ ಚಾಸಿ ಸಂಖ್ಯೆ ಕೊಡಿ. ಒಂದೇ ಹೆಸರಿನ ಎಂಜಿನ್ನಿನಲ್ಲಿಯೂ ಪಿಸ್ಟನ್ನುಗಳು ಬೇರೆ ಬೇರೆ ಇರುತ್ತವೆ.

ಬಟವಾಡಿ ಲೇತ್

ವಾಲ್ವುಗಳನ್ನು ಪಿಸ್ಟನ್ನಿನ ಲಯಕ್ಕೆ ಹೊಂದಿಸುವ ಟೈಮಿಂಗ್ ಚೈನನ್ನು ಮರೆಯಬೇಡಿ. ಒಂದೇ ಸಾಲಿನ ಚೈನು, ಆಯಿಲ್ ಹಳತಾದಂತೆ ಹಿಗ್ಗುತ್ತದೆ. ಅದು ಒಂದೆರಡು ಹಲ್ಲು ಜಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಆಗ ಇಲ್ಲಿಯವರೆಗಿನ ಖರ್ಚೆಲ್ಲ ನೀರಿನಲ್ಲಿ ಹೋಮ. ವಾಲ್ವು ತೆರೆಯುವ ಕ್ಯಾಮ್‌ಶಾಫ್ಟಿನ ತುದಿಯ ಅಡ್ಜಸ್ಟರ್ ಗಿಯರುಗಳ ಹಲ್ಲುಗಳನ್ನು ನೋಡಿ. ಹಲ್ಲು ಚೂಪಾಗಿದ್ದರೆ ಹೊಸ ಚೈನು ಹಾಕಿ ಪ್ರಯೋಜನವಿಲ್ಲ, ಜೊತೆಗೇ ಬದಲಿಸಬೇಕು. ಅಡ್ಜಸ್ಟರಿನ ಮುಂದಿರುವ ಮ್ಯಾಗ್ನೆಟ್ಟುಗಳಿಂದ ಎಣ್ಣೆ ಜಿನುಗಿ ವೈರಿನೊಳಗೆ ಹತ್ತಿದೆಯೇ ಎಂಬುದನ್ನೂ ಪ್ಲಗ್ ಕಿತ್ತು ನೋಡಿ. ವೈರಿನೊಳಗೇ ಹತ್ತುತ್ತಾ ಹೋಗಿ ಎಣ್ಣೆ ಕಂಪ್ಯೂಟರಿನವರೆಗೂ ತಲುಪುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ತಲುಪುತ್ತದೆ.

ಗೌರಿಬಿದನೂರಿನ ಟ್ರ್ಯಾಕ್ಟರ್

ಹೆಡ್ ಬೋಲ್ಟುಗಳು ಚೆನ್ನಾಗಿದ್ದರೆ ಅವನ್ನೇ ಹಾಕಿ. ನಾವು ಒಂದೇ ಬೋಲ್ಟನ್ನು ನಾಲ್ಕು ಬಾರಿ ಹಾಕಿದ್ದೇವೆ. ಅಲ್ಲಿ ಉಳಿದ ಹಣಕ್ಕೆ ಎಣ್ಣೆ ಬರುತ್ತದೆ.

ಶಿರಾ ಗೇಟ್

ಇದನ್ನು ಖಂಡಿತ ಒಪ್ಪುವುದಿಲ್ಲ. ಈ ಬೋಲ್ಟುಗಳನ್ನು ಟಾರ್ಕ್ ಕೊಟ್ಟ ಮೇಲೆ ಮತ್ತೆ ಇಷ್ಟು ಡಿಗ್ರಿ ಎಂದು ತಿರುಗಿಸುತ್ತೇವೆ. ಅವು ಸ್ಪ್ರಿಂಗಿನಂತೆ ಎಳೆದುಕೊಂಡೇ ಹಿಡಿತ ಕೊಡುವ ಬೋಲ್ಟುಗಳು. ಒಮ್ಮೆ ಎಳೆದದ್ದು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನಿನಲ್ಲಾದರೆ ಉದ್ದ ಅಳೆದು ನೋಡಿ ಹಾಕಬಹುದು ಎಂದು ವಾದಿಸಬಹುದಿತ್ತು. ಇದರಲ್ಲಿ ಬೇಡ.

ಗೌರಿಬಿದನೂರಿನ ಟ್ರ್ಯಾಕ್ಟರ್

ಉದ್ದ ಅಳೆದು ಹಾಕಿ ಎಂದೇ ನಾನೂ ಹೇಳಿದ್ದು.

ಶಿರಾ ಗೇಟ್

ಹಾಗೆ ಹೇಳಿರಲಿಲ್ಲ. ಮೇಲೆ ಓದಿ.

ಕ್ಯಾತ್ಸಂದ್ರದ ಸವಾರ

ಬೋಲ್ಟುಗಳನ್ನು ಹೊಸದಾಗಿಯೇ ತರಿಸಿದೆ, ಜಗಳ ಬೇಡ. ಸೂಪರ್‌ಚಾರ್ಜರಿನದೂ ಒಂದು ಪ್ರಶ್ನೆ ಇದೆ: ಪುಲ್ಲಿಯನ್ನು ಕೈಯಿಂದ ಅಲ್ಲಾಡಿಸಿದರೆ ಸಣ್ಣಗೆ ಕಟಕಟ ಎನ್ನುತ್ತದೆ. ರೋಟರುಗಳು ಒಂದಕ್ಕೊಂದು ತಾಗಿದ ಗುರುತಿಲ್ಲ, ಮೇಲಿನ ಲೇಪನ ಚೆನ್ನಾಗಿದೆ. ಅದನ್ನೂ ಬಿಚ್ಚಬೇಕೇ?

ಬಟವಾಡಿ ಲೇತ್

ರೋಟರುಗಳನ್ನು ಮುಟ್ಟಬೇಡಿ. ಎರಡೂ ತಾಗದಂತೆ ತಿರುಗುವುದು ಮುಂಭಾಗದ ಗಿಯರುಗಳ ಹೊಂದಿಕೆಯಿಂದ. ಆ ಗಿಯರನ್ನು ಎಳೆದು ಮತ್ತೆ ಕೂರಿಸಲು ನಮ್ಮ ಬಳಿ ಸಾಧನವಿಲ್ಲ. ಮೂತಿಯ ಭಾಗವನ್ನಷ್ಟೇ ಬಿಚ್ಚಿ. ಒಳಗೆ ಪುಲ್ಲಿಯ ಶಾಫ್ಟಿಗೂ ಗಿಯರಿಗೂ ನಡುವೆ ಒಂದು ಕಪ್ಲರ್ ಇದೆ, ಕಟಕಟ ಎನ್ನುವುದು ಬಹುತೇಕ ಅದೇ. ಅದನ್ನೂ ಮೂತಿಯ ಬೇರಿಂಗನ್ನೂ ಬದಲಿಸಿ. ಅದಕ್ಕೆ ತನ್ನದೇ ಪ್ರತ್ಯೇಕ ಎಣ್ಣೆ ಇರುತ್ತದೆ, ಒಂದು ಲೋಟದಷ್ಟು; ಹೆಚ್ಚಿನವರು ಗಾಡಿ ಕೊಂಡಾಗಿನಿಂದ ಮಾರುವವರೆಗೆ ಅದರ ಮುಖ ನೋಡಿರುವುದಿಲ್ಲ. ಹಳೆಯದನ್ನು ಸಿರಿಂಜಿನಿಂದ ಎಳೆದು ಹೊಸದನ್ನು ತುಂಬಿಸಿ. ಎಂಜಿನ್ ಆಯಿಲನ್ನು ಅದಕ್ಕೆ ಹಾಕಬಾರದು.

ಕ್ಯಾತ್ಸಂದ್ರದ ಸವಾರ

ಗಾಡಿ ನಿನ್ನೆ ಸ್ಟಾರ್ಟ್ ಆಯಿತು. ಕೇಳಿದವರಿಗಾಗಿ ಲೆಕ್ಕ ಕೊಡುತ್ತೇನೆ. ಗ್ಯಾಸ್ಕೆಟ್ ಸೆಟ್ಟು ಮತ್ತು ಬೋಲ್ಟುಗಳಿಗೆ 24,000, ನಾಲ್ಕಕ್ಕೂ ರಿಂಗು ಮತ್ತು ಒಂದು ಪಿಸ್ಟನ್ನಿಗೆ 31,000, ಬೇರಿಂಗುಗಳಿಗೆ 11,000 ಆಯಿತು. ಚೈನು, ಗೈಡು, ಟೆನ್ಷನರ್ ಮತ್ತು ಒಂದು ಅಡ್ಜಸ್ಟರಿಗೆ 36,000. ಇನ್ನೊಂದರ ಹಲ್ಲು ಚೆನ್ನಾಗಿತ್ತು, ಉಳಿಸಿಕೊಂಡೆ. ಲೇತ್ ಕೆಲಸ ಮತ್ತು ಅಳತೆಗೆ 16,000, ಸೂಪರ್‌ಚಾರ್ಜರಿನ ಮೂತಿಗೆ 12,500, ಪೈಪು, ಕೂಲೆಂಟ್, ಎಣ್ಣೆಗಳಿಗೆ 13,000. ಒಟ್ಟು 1,43,500. ಪುಲ್ಲಿ ಹಳೆಯದೇ.

ಪಿಸ್ಟನ್ನುಗಳನ್ನು ತೂಗಲು ಒಂದು ಚಿನ್ನದ ಅಂಗಡಿಗೆ ಒಯ್ದಿದ್ದೆವು. ಹೊಸದು ಮೂರು ಗ್ರಾಂ ಹೆಚ್ಚಿತ್ತು. ಅಂಗಡಿಯವರು ನಾಲ್ಕನ್ನೂ ತೂಗಿ "ಕೂಲಿ ಎಷ್ಟು ಹಾಕಲಿ?" ಎಂದು ಕೇಳಿ ನಕ್ಕರು. ಪಿನ್ನಿನ ಕೆಳಗಿನ ದಪ್ಪ ಭಾಗದಿಂದ ಬಟವಾಡಿಯವರು ಮೂರು ಗ್ರಾಂ ಇಳಿಸಿಕೊಟ್ಟರು. ಬೇರಿಂಗಿನ ಸಂದನ್ನು ಪ್ಲಾಸ್ಟಿಗೇಜ್ ಎಳೆ (ಚಪ್ಪಟೆಯಾದ ಅಗಲದಿಂದ ಸಂದು ತಿಳಿಸುವ ಪ್ಲಾಸ್ಟಿಕ್ ದಾರ) ಇಟ್ಟು, ಬಿಗಿದು, ಬಿಚ್ಚಿ ನೋಡಿದೆವು, ಎಲ್ಲವೂ 0.04ರಿಂದ 0.05ರೊಳಗೆ ಬಂದವು. ಮೊದಲು ಪ್ಲಗ್ ತೆಗೆದು, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಆಯಿಲ್ ದೀಪ ಆರುವವರೆಗೆ ಬರಿದೇ ತಿರುಗಿಸಿದೆವು. ಅನಂತರ ಕೀ ತಿರುಗಿಸಿದಾಗ ಎರಡನೆಯ ಪ್ರಯತ್ನಕ್ಕೆ ಹೊತ್ತಿಕೊಂಡಿತು. ಇನ್ನು ಎಷ್ಟು ದಿನ ನಿಧಾನವಾಗಿ ಓಡಿಸಬೇಕು?

ಹೆದ್ದಾರಿ 48

ಸಾವಿರ ಕಿಲೋಮೀಟರ್ ನಲವತ್ತು ದಾಟಬೇಡಿ.

ಕೆಜಿಎಫ್ ಹಿರಿಯ

ನಲವತ್ತರಲ್ಲಿ ಉರುಳಿಸಿದರೆ ರಿಂಗು ಕೂರುವ ಬದಲು ಬೋರ್ ಕನ್ನಡಿಯಾಗುತ್ತದೆ. ಸಿಲಿಂಡರಿನ ಒತ್ತಡವೇ ರಿಂಗನ್ನು ಗೋಡೆಗೆ ಒತ್ತಿ ಕೂರಿಸುತ್ತದೆ. ಎಂಜಿನ್ ಬಿಸಿಯಾದ ಮೇಲೆ ಶಿರಾ ಕಡೆಯ ಹೆದ್ದಾರಿಯಲ್ಲಿ ಅರ್ಧದಷ್ಟು ಆಕ್ಸಿಲರೇಟರ್ ಕೊಟ್ಟು ವೇಗ ಏರಿಸಿ, ಕಾಲು ತೆಗೆದು ಗಿಯರಿನಲ್ಲಿಯೇ ಇಳಿಯಲು ಬಿಡಿ. ಹೀಗೆ ಇಪ್ಪತ್ತು ಮೂವತ್ತು ಬಾರಿ ಮಾಡಿ. ಪೂರ್ತಿ ತುಳಿಯಬೇಡಿ. ಹಗುರವಾಗಿ ಓಡಿಸುವಾಗ ಬೈಪಾಸ್ ಫ್ಲಾಪ್ ತೆರೆದು ಗಾಳಿ ಸುತ್ತು ಹೊಡೆಯುತ್ತಿರುತ್ತದೆ, ಸೂಪರ್‌ಚಾರ್ಜರಿನ ಭಾರ ಪಿಸ್ಟನ್ನಿಗೆ ಬೀಳುವುದಿಲ್ಲ. ಇನ್ನೂರು ಕಿಲೋಮೀಟರಿಗೆ ಮೊದಲ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ. ಫಿಲ್ಟರಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿನಲ್ಲಿ ಹಿಡಿದು ನೋಡಿ, ಅಯಸ್ಕಾಂತ ಆಡಿಸಿ. ಹಿಡಿದದ್ದು ರಿಂಗಿನದೋ ಬೋರಿನದೋ ಪುಡಿ. ಸ್ವಲ್ಪ ಇದ್ದರೆ ಸಹಜ. ಹಿಡಿಯದ ಹೊಳಪು ಇದ್ದರೆ ಬೇರಿಂಗಿನ ಮೆಟಲ್ ಅಥವಾ ಪಿಸ್ಟನ್. ಅದು ಕಂಡರೆ ಮತ್ತೆ ಸ್ಟಾರ್ಟ್ ಮಾಡದೆ ಇಲ್ಲಿ ಬರೆಯಿರಿ.

ಕ್ಯಾತ್ಸಂದ್ರದ ಸವಾರ

210 ಕಿಲೋಮೀಟರಿಗೆ ಬದಲಿಸಿದೆ. ಮಡಿಕೆಗಳಲ್ಲಿ ಬೂದಿಯಂತಹ ಸಣ್ಣ ಪುಡಿ ಚಿಟಿಕೆಯಷ್ಟು ಇತ್ತು, ಪೂರ್ತಿ ಅಯಸ್ಕಾಂತಕ್ಕೆ ಅಂಟಿತು. ಬೇರೆ ಹೊಳಪು ಕಾಣಲಿಲ್ಲ. ಕಂಪ್ರೆಶನ್ ನಾಲ್ಕರಲ್ಲಿಯೂ 12ರ ಆಸುಪಾಸಿನಲ್ಲಿದೆ. ಅಯಸ್ಕಾಂತ ನನ್ನ ಮಗಳ ಪೆನ್ಸಿಲ್ ಡಬ್ಬಿಯ ಮುಚ್ಚಳದ್ದು. ಶಾಲೆ ಬಿಡುವುದರೊಳಗೆ ಒರೆಸಿ ಅಂಟಿಸಬೇಕಾಗಿದೆ. ಏನು ಸವರಿದರೆ ಪ್ಲಾಸ್ಟಿಕ್ಕಿಗೆ ಸರಿಯಾಗಿ ಅಂಟುತ್ತದೆ?

ಗೌರಿಬಿದನೂರಿನ ಟ್ರ್ಯಾಕ್ಟರ್

ಗ್ಯಾಸ್ಕೆಟ್ಟಿಗೆ ಹಚ್ಚಿದ ಸಿಲಿಕೋನ್ ಉಳಿದಿದ್ದರೆ ಅದನ್ನೇ ಹಚ್ಚಿ. ಇದರಲ್ಲಿ ಶಿರಾ ಗೇಟಿನವರ ಆಕ್ಷೇಪ ಇರಲಾರದು.

ಶಿರಾ ಗೇಟ್

ಇದೆ. ಒಣಗಲು ಒಂದು ರಾತ್ರಿ ಬೇಕು.